ಕಾಕ ಮಾರದ ಆಂಪ್ಲಿಫೈಯರ್

ಕಾಕನ ಬಲಗೈಯ ತೋರುಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಸೋಲ್ಡರಿಂಗ್ ಕಡ್ಡಿಯ ಬಿಸಿ ತಾಗಿ ತಾಗಿ ಬೆರಳ ತುದಿ ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಆ ಬೆರಳು ಒತ್ತಿದರೆ ಮೊಬೈಲ್ ತೆರೆದುಕೊಳ್ಳುತ್ತಿರಲಿಲ್ಲ. "ಮೂರು ವರ್ಷ ಆಯ್ತು, ಇದಕ್ಕೆ ಇನ್ನೂ ನನ್ನ ಗುರ್ತ ಇಲ್ಲ" ಎಂದು ಅದನ್ನು ಬೈದು ಕಿರುಬೆರಳು ಒತ್ತುತ್ತಿದ್ದರು.

ಬಿಜೈ ಬಸ್ ನಿಲ್ದಾಣದ ಹತ್ತಿರದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಅವರ ಅಂಗಡಿ. ಹೆಡ್‌ಫೋನ್, ಸೌಂಡ್ ಕಾರ್ಡ್, ಆಂಪ್ಲಿಫೈಯರ್ ಮಾರುತ್ತಿದ್ದರು, ರಿಪೇರಿಯನ್ನೂ ಮಾಡುತ್ತಿದ್ದರು. ಅದಕ್ಕೆ ಮೊದಲು ಹಲವು ವರ್ಷ ಗಲ್ಫಿನಲ್ಲಿ ದೊಡ್ಡ ದೊಡ್ಡ ಜನರೇಟರ್‌ಗಳ ಪಕ್ಕ ನಿಂತು ದುಡಿದವರು. ಬಂದವರೆಲ್ಲ ಕಾಕ ಎನ್ನುತ್ತಿದ್ದರು, ನಾನೂ ಎಂದೆ.

ಅವರು ತೀರಿಕೊಂಡ ವಾರ, ಊರಿನ ಆಡಿಯೋ ಶೋಕಿಯವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು: "ಪಾಪ, ಒಳ್ಳೆ ಜನ. ಆದ್ರೆ ಕಿವಿ ಸರಿ ಕೇಳ್ತಿರಲಿಲ್ಲ. ಹಾಗಾಗಿ ಅವರಿಗೆ ಎಲ್ಲ ಆಂಪ್ಲಿಫೈಯರೂ ಒಂದೇ." ಅದರ ಕೆಳಗೆ ಹೆಬ್ಬೆರಳುಗಳ ಸಾಲು. ಸತ್ತವರ ಬಗ್ಗೆ ಜಗಳ ಬೇಡ ಎಂದು ಗೆಳತಿ ಹೇಳಿದಳು. ಯಾಕೆ ಬೇಡ? ಸತ್ತವರು ಉತ್ತರ ಕೊಡಲಾರರು ಎಂಬುದೇ ಜಗಳ ಆಡಲು ಸಾಕಾದ ಕಾರಣ.

ಆ ಮಾತಿನ ಮೊದಲರ್ಧ ನಿಜ. ಕಾಕನಿಗೆ ತೀರ ಸಣ್ಣ, ಚೂಪು ಸದ್ದುಗಳು ಕೇಳುತ್ತಿರಲಿಲ್ಲ. ಅದನ್ನು ಅವರು ಮುಚ್ಚಿಟ್ಟಿದ್ದರೇ? ಪ್ರತಿ ಗಿರಾಕಿಗೂ ಮೊದಲು ಹೇಳುತ್ತಿದ್ದ ಮಾತೇ ಅದು: "ನನ್ನ ಕಿವಿ ಜನರೇಟರ್ ತಿಂದಿದೆ. ನನ್ನದನ್ನು ನಂಬಬೇಡಿ. ನಿಮ್ಮದನ್ನೂ ಅಷ್ಟು ನಂಬಬೇಡಿ." ಹಾಗೆಂದೇ ಅವರಲ್ಲಿ ಮೀಟರ್ ಇತ್ತು, ಬೈರಾಸ್ ಇತ್ತು. ತಮ್ಮ ಕಿವಿ ಬಂಗಾರದ್ದು ಎಂದುಕೊಂಡವರಲ್ಲಿ ಎರಡೂ ಇಲ್ಲ.

ಬೈರಾಸ್ ಎಂದರೆ ಮೈ ಒರೆಸುವ ಸಾದಾ ಬಟ್ಟೆ. ಕಾಕನದ್ದು ನೀಲಿ ಚೌಕಳಿಯದು. ನೀವು ದುಬಾರಿ ಆಂಪ್ಲಿಫೈಯರ್ ಕೇಳಿದರೆ ಅದರ ಪಕ್ಕ ಒಂದು ಅಗ್ಗದ್ದನ್ನು ಇಟ್ಟು, ಎರಡರ ಸದ್ದನ್ನೂ ಮೀಟರ್ ಹಿಡಿದು ಒಂದೇ ಮಟ್ಟಕ್ಕೆ ತರುತ್ತಿದ್ದರು. "ಸ್ವಲ್ಪ ಜೋರಿದ್ದದ್ದೇ ಚಂದ ಅಂತ ಎಲ್ಲರಿಗೂ ಅನಿಸ್ತದೆ, ಶೋರೂಮಿನವರು ಅದ್ರಲ್ಲೇ ಊಟ ಮಾಡುದು." ಆಮೇಲೆ ಎರಡರ ಮೇಲೂ ಬೈರಾಸ್. ಹತ್ತು ಸಲ ಅದಲು ಬದಲು. ನಿಮ್ಮದೇ ಹೆಡ್‌ಫೋನ್ ಹಾಕಿ ಯಾವುದು ಯಾವುದೆಂದು ಹೇಳಬೇಕು. ಒಂಬತ್ತು ಸಲ ಸರಿ ಹೇಳಿದರೆ ದುಬಾರಿಯದ್ದು ನಿಮಗೆ. ಇಲ್ಲದಿದ್ದರೆ ಅಗ್ಗದ್ದೇ, ಅದೂ ಬೇಕಿದ್ದರೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಅವರನ್ನು ಸೋಲಿಸಲಿಕ್ಕೆ. ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆ ಮಾಡಿದವಳು. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ, ಎರಡರಲ್ಲೂ ಕಪ್. ಈಗ ಕೊಡಿಯಾಲ್‌ಬೈಲಿನ ಸಣ್ಣ ಸ್ಟುಡಿಯೋ ಒಂದರಲ್ಲಿ ಧ್ವನಿ ಸಂಕಲನದ ಕೆಲಸ. ಅಂದರೆ ನನ್ನ ಅನ್ನ ಕಿವಿಯಲ್ಲಿದೆ.

"ಕಾಕ, ಈ ಆಂಪ್ಲಿಫೈಯರ್ ಎಲ್ಲ ಜನರನ್ನು ಮಂಗ ಮಾಡುವ ವ್ಯಾಪಾರ ಅಲ್ವಾ?"

"ಸುಮಾರು ಸಲ ಹೌದು."

ಎದುರಾಳಿ ಮೊದಲ ನಿಮಿಷದಲ್ಲೇ ಒಪ್ಪಿಬಿಟ್ಟರೆ ತಯಾರಿ ಮಾಡಿ ಹೋದವರ ಗತಿ ಏನು? ನಾನು ಬ್ಯಾಗಿನಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ ಅದರ ಒಳಗಿನ ಬರಹ ಓದಿದರು.

"ಇನ್ನೂರೈವತ್ತು ಓಮ್ ಉಂಟು, ಭಾರೀ ತಡೆ. ಮೊಬೈಲಿಗೆ ಇದನ್ನು ಎಳೀಲಿಕ್ಕೆ ಆಗ್ಲಿಕ್ಕಿಲ್ಲ."

"ಆಗ್ತದೆ. ಸದ್ದು ಬರ್ತದಲ್ಲ?"

"ಬರ್ತದೆ. ಮೂರು ಜನ ಕೂತ್ರೂ ಸ್ಕೂಟರ್ ಕದ್ರಿ ಗುಡ್ಡೆ ಹತ್ತುದಿಲ್ವಾ?"

ಬೈರಾಸ್ ಬಿತ್ತು. ಒಂದು ಕಡೆ ನನ್ನ ಮೊಬೈಲ್ ಪೂರ್ತಿ ಏರಿಸಿ, ಇನ್ನೊಂದು ಕಡೆ ಅವರ ಅಗ್ಗದ ಆಂಪ್ಲಿಫೈಯರ್ ಅದೇ ಮಟ್ಟಕ್ಕೆ ಇಳಿಸಿ, ಚೆಂಡೆಯ ಧ್ವನಿಮುದ್ರಣ ಹಾಕಿದರು. ಒಂದರಲ್ಲಿ ಪೆಟ್ಟು ಪೆಟ್ಟಾಗಿ ಬಿತ್ತು, ಇನ್ನೊಂದರಲ್ಲಿ ಮುದ್ದೆಯಾಯಿತು. ಹತ್ತಕ್ಕೆ ಹತ್ತು ಸಲ ಸರಿ ಹೇಳಿದೆ, ಹೇಳುತ್ತಾ ಹೇಳುತ್ತಾ ಸೋತೆ.

"ಸಂಶಯ ಮಾಡುದು ಒಳ್ಳೇದು. ಆದ್ರೆ ಮನೆಯಲ್ಲಿ ಕೂತು ಮಾಡುದಲ್ಲ ಅದು, ಪರೀಕ್ಷೆ ಮಾಡ್ಬೇಕು ಲಾಯರ್ ಮೇಡಂ" ಎಂದರು. ನಾನು ಲಾಯರ್ ಅಲ್ಲ ಎಂದರೆ, "ಅಲ್ಲದಿದ್ರೆ ಎಂತ, ಬಾಯಿ ಉಂಟಲ್ಲ" ಎಂದು ನಕ್ಕರು. ಆ ದಿನದಿಂದ ಅದೇ ಹೆಸರು.

ಉರ್ವದ ಮನೆಗೆ ಹೋಗುವ ದಾರಿಯಲ್ಲಿ ವಾರಕ್ಕೆರಡು ಸಲ ಅಲ್ಲಿ ಇಳಿಯತೊಡಗಿದೆ. ಅವರು ಚಾ ತರಿಸುತ್ತಿದ್ದರು, ನಾನು ವಾದ ತರುತ್ತಿದ್ದೆ. ಒಮ್ಮೆ ಗಲ್ಫಿನಿಂದ ರಜೆಯಲ್ಲಿ ಬಂದ ಒಬ್ಬರು, ಕಿವಿಯೊಳಗೆ ತೂರಿಸುವ ಪುಟ್ಟ ಇಯರ್‌ಫೋನ್ ತಂದು, ಅಂಗಡಿಯಲ್ಲೇ ಅತಿ ದೊಡ್ಡ ಆಂಪ್ಲಿಫೈಯರ್ ಬೇಕೆಂದರು. ಹದಿನಾರು ಓಮ್‌ನ ವಸ್ತು, ಮೊಬೈಲೇ ಸಾಕು. ದೊಡ್ಡ ಡಬ್ಬಕ್ಕೆ ಸಿಕ್ಕಿಸಿದರೆ ಹಾಡಿನ ಹಿಂದೆ 'ಸ್ಸ್' ಎಂಬ ಸದ್ದು ಬೇರೆ. ಪರೀಕ್ಷೆಯಲ್ಲಿ ಅವರು ಹತ್ತರಲ್ಲಿ ಐದು ಸರಿ ಹೇಳಿದರು. ನಾಣ್ಯ ಚಿಮ್ಮಿಸಿದ್ದರೂ ಅಷ್ಟೇ ಬರುತ್ತಿತ್ತು.

"ನಾನು ಹಣ ಕೊಡ್ತೇನೆ ಅಂತ ಹೇಳ್ತಾ ಇದ್ದೇನಲ್ಲ, ನಿಮಗೆ ಎಂತ ಕಷ್ಟ?" ಎಂದು ಅವರು ರೇಗಿದರು.

"ಹಣ ನಿಮ್ಮದು ಸಾರ್. ಬೈರಾಸ್ ನನ್ನದು."

ಅವರು ಮೆಟ್ಟಿಲು ಇಳಿದು ಹೋದ ಸದ್ದು ಕೇಳುತ್ತಾ ಕಾಕ ಚಾ ಕುಡಿದರು. ಹೀಗೆ ಎಷ್ಟು ಜನರನ್ನು ಕಳಿಸಿದರೋ. ವ್ಯಾಪಾರ ಗೊತ್ತಿಲ್ಲದವರು ಎಂದು ಪಕ್ಕದ ಅಂಗಡಿಯವರೇ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಗೊತ್ತಿತ್ತು, ಆ ರೀತಿಯದ್ದು ಬೇಡವಾಗಿತ್ತು.

ಈಗ ನನ್ನ ಪಾಳಿ.

ಒಂದು ಭಾನುವಾರ ಸಂಜೆ ಸ್ಟುಡಿಯೋದಲ್ಲಿ ಹೆಡ್‌ಫೋನಿನ ಎಡಗಡೆ ಮಂಕಾಯಿತು. ಯಾರೋ ಅದರ ಮೇಲೆ ದಿಂಬು ಇಟ್ಟ ಹಾಗೆ. ಸೋಮವಾರವೂ ಅದೇ ಸೌಂಡ್ ಕಾರ್ಡಿನಲ್ಲಿ ಹಾಗೆಯೇ. ಮಧ್ಯಾಹ್ನ ಕಾಕನ ಹತ್ತಿರ ಓಡಿದೆ. "ಕಾರ್ಡ್ ಹಾಳಾಗಿದೆ ಕಾಕ. ಬಲ ಇರುವ ಆಂಪ್ಲಿಫೈಯರ್ ಒಂದು ಕೊಡಿ."

ಅವರು ನನ್ನ ಹೆಡ್‌ಫೋನನ್ನು ತಮ್ಮ ಆಂಪ್ಲಿಫೈಯರಿಗೆ ಸಿಕ್ಕಿಸಿ ನನಗೆ ಹಾಕಿ, ಆಮೇಲೆ ತೆಗೆದು, ಎಡಬಲ ತಿರುಗಿಸಿ ಮತ್ತೆ ಹಾಕಿದರು.

"ಈಗ ಯಾವ ಕಡೆ ಕಡಿಮೆ?"

"ಎಡ."

ಬೇರೆ ಹೆಡ್‌ಫೋನ್ ಹಾಕಿದರು. ಎಡ. ಅವರ ಮುಖ ಬದಲಾಯಿತು. "ಮಗಳೇ, ಇದು ಡಬ್ಬದ್ದಲ್ಲ. ಕಿವಿಯದ್ದು. ಇವತ್ತೇ ಡಾಕ್ಟರ್ ಹತ್ರ ಹೋಗು."

ನನಗೂ ಆ ಕ್ಷಣವೇ ಗೊತ್ತಾಗಿತ್ತು. ಆದರೆ ಹೆದರಿದಾಗ ಕೆಲವರು ಅಳುತ್ತಾರೆ, ನಾನು ವಾದ ಮಾಡುತ್ತೇನೆ. ತಿರುಗಿಸಿ ಹಾಕಿದರೆ ಕುಶನ್ ಸರಿಯಾಗಿ ಕೂರುವುದಿಲ್ಲ ಎಂದೆ. ಎರಡನೆಯ ಹೆಡ್‌ಫೋನೂ ಹಳತು ಎಂದೆ. ಕೊನೆಗೆ ಅವರದ್ದೇ ಆಯುಧ ಎತ್ತಿದೆ.

"ಕಾಕ, ನಾನು ಕಣ್ಣು ಬಿಟ್ಟು ನೋಡ್ತಾ ಇದ್ದೆ. ಬೈರಾಸ್ ಇರಲಿಲ್ಲ. ಹತ್ತು ಸಲ ಮಾಡ್ಲಿಲ್ಲ. ನಿಮ್ಮ ನಿಯಮದ ಪ್ರಕಾರವೇ ಇದು ಲೆಕ್ಕಕ್ಕಿಲ್ಲ."

ಕಾಕ ಬೈರಾಸ್ ಎತ್ತಿಕೊಂಡರು. "ಕುತ್ಕೋ, ಈಗ ಸರಿಯಾಗಿ ಮಾಡುವ" ಎಂದರು. ಸಮಯ ಇಲ್ಲ ಎಂದೆ.

"ಆಂಪ್ಲಿಫೈಯರ್ ಕೊಡುದಿಲ್ಲ ನಾನು" ಎಂದರು.

"ಬೇಡ. ಬೇರೆ ಅಂಗಡಿ ಇಲ್ವಾ ಊರಲ್ಲಿ?"

ಇತ್ತು. ಆ ಸಂಜೆಯೇ ಕೊಂಡೆ. ಎಡಗಡೆ ಏರಿಸಿ, ಬಲಗಡೆ ಇಳಿಸಿ, ಎರಡೂ ಸಮವಾಯಿತೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ನನ್ನ ಬದುಕಿನಲ್ಲಿ ಅಷ್ಟು ಸ್ಪಷ್ಟವಾಗಿ ಗೆದ್ದ ಚರ್ಚೆ ಇನ್ನೊಂದಿಲ್ಲ.

ಶನಿವಾರ ಮಧ್ಯಾಹ್ನ, ಅಂಗಡಿಗಳಿಗೆ ವ್ಯಾಪಾರದ ಹೊತ್ತಿನಲ್ಲಿ, ಸ್ಟುಡಿಯೋದ ಬಾಗಿಲಲ್ಲಿ ಕಾಕ ನಿಂತಿದ್ದರು. ಅಂಗಡಿಗೆ ಬೀಗ ಹಾಕಿ ಸಿಟಿ ಬಸ್ಸಿನಲ್ಲಿ ಬಂದಿದ್ದರು. ಬೆವರಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಎರಡು ಹೊಸ ಹೆಡ್‌ಫೋನ್ ಮತ್ತು ಬೈರಾಸ್.

"ನೀನು ಹೇಳಿದ್ದು ಸರಿ. ಅವತ್ತು ನಿಯಮದ ಪ್ರಕಾರ ಆಗ್ಲಿಲ್ಲ. ಇವತ್ತು ಮಾಡುವ."

ನನ್ನ ಕಣ್ಣಿಗೆ ಬೈರಾಸ್ ಕಟ್ಟಿದರು. ಸಹೋದ್ಯೋಗಿಯ ಕೈಗೆ ಕಾಗದ, ಪೆನ್ನು ಕೊಟ್ಟರು. ಪ್ರತಿ ಸಲ ನಾಣ್ಯ ಚಿಮ್ಮಿಸಿ, ಅದು ಬಿದ್ದಂತೆ ಹೆಡ್‌ಫೋನನ್ನು ನೇರವಾಗಿಯೋ ತಿರುಗಿಸಿಯೋ ನನ್ನ ತಲೆಗೆ ಹಾಕುವುದು, ಮಂಕಾದ ಕಡೆಗೆ ನಾನು ಕೈ ತೋರಿಸುವುದು. ಎಲ್ಲಿಯಾದರೂ ಒಮ್ಮೆ ಬಲಗಡೆ ಕೈ ಹೋಗಲಿ ಎಂದು ನಾನು ಎಷ್ಟು ಬೇಡಿಕೊಂಡೆನೋ. ಸುಳ್ಳು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಟ್ಟೆ ಬಿಚ್ಚಿದಾಗ ಕಾಗದದ ಮೇಲೆ ಹತ್ತು ಸಲ 'ಎಡ' ಎಂದಿತ್ತು.

"ಇನ್ನು ವಾದ ಉಂಟಾ?"

ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

"ಹಾಗಾದ್ರೆ ನಡಿ. ಆಟೋ ನಿಲ್ಲಿಸಿದ್ದೇನೆ ಕೆಳಗೆ."

ಡಾಕ್ಟರು ತಪಾಸಣೆ ಮುಗಿಸಿ, ಇದ್ದಕ್ಕಿದ್ದಂತೆ ಕಿವಿ ಹೋಗುವ ಕಾಯಿಲೆ ಇದು, ಕಾರಣ ಎಲ್ಲ ಸಲ ಗೊತ್ತಾಗುವುದಿಲ್ಲ, ಮೊದಲ ದಿನಗಳಲ್ಲೇ ಔಷಧಿ ಶುರುವಾಗಬೇಕು ಎಂದರು. "ಇಷ್ಟು ದಿನ ಎಂತ ಮಾಡ್ತಿದ್ರಿ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಕಾಕ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತರು.

ಮಾತ್ರೆ, ಆಮೇಲೆ ಕಿವಿಯೊಳಗೆ ಇಂಜೆಕ್ಷನ್. ವಾರಗಳು ಕಳೆದಂತೆ ಎಡಗಡೆಯ ದಿಂಬು ಸ್ವಲ್ಪ ಸ್ವಲ್ಪವೇ ಸರಿಯಿತು. ಸದ್ದು ಬಂತು, ಮಾತು ಬಂತು, ಕೆಲಸ ಉಳಿಯಿತು. ತೀರ ಚೂಪಾದ ಸದ್ದುಗಳು ಮಾತ್ರ ಬರಲಿಲ್ಲ. ಉಪಕಾರ ಹೇಳಲು ಹೋದರೆ ಕಾಕ ಕೈ ಬೀಸಿದರು. "ನಾನು ಬಟ್ಟೆ ಕಟ್ಟಿದ್ದು ಅಷ್ಟೇ. ಹತ್ತು ಸಲವೂ ಸುಳ್ಳು ಹೇಳದೆ ಕೈ ತೋರಿಸಿದ್ದು ಯಾರು?"

ಮರುವರ್ಷ ಒಂದು ಬೆಳಿಗ್ಗೆ, ಅಂಗಡಿಯ ಶಟರ್ ಎತ್ತುವ ಮೊದಲೇ, ಎದೆನೋವಿನಿಂದ ಹೋದರು. ಮೂರನೆಯ ದಿನ ಕುದ್ರೋಳಿಯ ಅವರ ಮನೆಗೆ ಹೋದೆ. ಒಳಕೋಣೆಯಲ್ಲಿ ಹೆಂಗಸರ ನಡುವೆ ಅವರ ಹೆಂಡತಿ ಕೂತಿದ್ದರು. ನಾವು ಹಿಂದೆ ಭೇಟಿಯಾದದ್ದೇ ಇಲ್ಲ. ನನ್ನನ್ನು ನೋಡುತ್ತಲೇ, "ನೀನಾ ಆ ಲಾಯರ್ ಹುಡುಗಿ?" ಎಂದರು.

ಹೌದೆಂದೆ.

"ಆ ವಾರ ಅವರು ಸರಿ ಊಟ ಮಾಡ್ಲಿಲ್ಲ ಗೊತ್ತುಂಟಾ? 'ಹುಡುಗಿಯ ಹತ್ರ ಮಾತಿನಲ್ಲಿ ಸೋತೆ, ಅವಳ ಕಿವಿ ಹೋಗ್ತದೆ' ಅಂತ ಒಂದೇ ರಾಗ. ಶುಕ್ರವಾರ ನಾನೇ ಬೈದೆ. ನಾಳೆ ಅಂಗಡಿ ಮುಚ್ಚಿ ಹೋಗಿ ಅಂತ." ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು, "ಯಾವ ಕಿವಿ?"

ಎಡಗಿವಿ ತೋರಿಸಿದೆ. ಅವರು ನನ್ನ ಗಲ್ಲ ಹಿಡಿದು ಮುಖ ಆಚೆ ತಿರುಗಿಸಿ, ಬಲಗಿವಿಗೆ ತಮ್ಮ ಅಂಗೈ ಒತ್ತಿ, ಎಡಗಿವಿಯ ಹತ್ತಿರ ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ. ಅರ್ಥದಿಂದ ಊಹಿಸಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ತಿರುಗಿ ಹೇಳಿದೆ.

ಅವರು ಕಣ್ಣೊರೆಸಿಕೊಂಡು, "ಎರಡು ಅಕ್ಷರ ಬಿಟ್ಟೆ" ಎಂದರು.

ಆ ಎರಡು ಅಕ್ಷರ ನಾನು ವಾದ ಗೆದ್ದು ಕಳೆದುಕೊಂಡ ಐದು ದಿನಗಳದ್ದು, ಅದಕ್ಕೆ ಬೇರೆ ಯಾರನ್ನೂ ದೂರುವುದಿಲ್ಲ. ಉಳಿದ ಇಡೀ ವಾಕ್ಯ ಕಾಕನದ್ದು.