ಊರಿಗೆ ಹೋಗುವ ದಿನ ಬಿಟ್ಟ ಗುಳಿಗೆ

ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಹೋದ ಹೆಂಗಸರು, ಹೊರಗೆ ಕೂತ ಗಂಡಸರು ಕರೆಯುವ ತನಕ ಪಡಸಾಲೆಯಿಂದ ಏಳುವುದಿಲ್ಲ. ನಾನು ಕರೆಯುವುದು ಯಾವಾಗಲೂ ತಡ. ಕಟ್ಟೆಯ ಮೇಲೆ ಮಾತಿಗೆ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯದು.

ನನ್ನ ಹೆಂಡತಿಗೆ ಕಿಡ್ನಿ ತೊಂದರೆ ಇದೆ ಎಂದು ಗೊತ್ತಾದಾಗ ಗಜೇಂದ್ರಗಡದ ಡಾಕ್ಟರು ಬಿ.ಪಿ. ಗುಳಿಗೆಯ ಜೊತೆ, ಮೈಯಲ್ಲಿ ನಿಂತ ನೀರು ಇಳಿಸುವ ಗುಳಿಗೆಯನ್ನೂ ಬರೆದುಕೊಟ್ಟರು. ಅದನ್ನು ನುಂಗಿದರೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೊರಗೆ ಹೋಗಬೇಕು. ಒಮ್ಮೆ ಸವಡಿಯಲ್ಲಿ ಸೋದರತ್ತೆಯ ಮನೆಗೆ ಮಾತಾಡಿಸಲು ಹೋದಾಗ, ಅಳುವವರ ನಡುವಿನಿಂದ ಇವಳು ಮತ್ತೆ ಮತ್ತೆ ಎದ್ದು ಹೋದಳು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಗೊಣಗಿದೆ.

"ಹೆಣ್ಣಮಕ್ಳು ನಕ್ರು. ಊರಿಗೆ ಹೋಗೋ ದಿನ ಮುಂಜಾನಿ ಗುಳಿಗಿ ಬಿಟ್ಟುಬಿಡು. ಒಂದಿನಕ್ಕ ಏನೂ ಆಗೂದಿಲ್ಲ."

"ಡಾಕ್ಟರ್ ಬಿಡಬ್ಯಾಡ ಅಂದಾರ್ರಿ."

"ಡಾಕ್ಟರ್ ಬರ್ತಾನೇನು ನಿನ್ನ ಜೋಡಿ ಅಲ್ಲಿ ಕುಂಡ್ರಾಕ?"

ಮುಂದಿನ ಸಲ ಊರಿಗೆ ಹೊರಟ ದಿನ ಅವಳು ಗುಳಿಗೆ ಬಿಟ್ಟಳು. ನಮ್ಮ ವಯಸ್ಸಿನವರಿಗೆ ಸಾವಿನ ಸುದ್ದಿಗೇನು ಬರ? ಇಂದು ಸೂಡಿಯಲ್ಲಿ, ನಾಳೆ ಲಕ್ಕಲಕಟ್ಟಿಯಲ್ಲಿ. ಯಾವ ಗುಳಿಗೆ ಯಾವುದೆಂದು ನಾನೂ ನೋಡಲಿಲ್ಲ, ಬಿ.ಪಿ.ಯದೂ ಅದರೊಂದಿಗೆ ತಪ್ಪಿತು. ಬಿಟ್ಟ ದಿನ ಆರಾಮೆನಿಸುತ್ತದೆ ಎಂದು ಆಮೇಲೆ ಅವಳು ಮನೆಯಲ್ಲಿದ್ದಾಗಲೂ ಬಿಡತೊಡಗಿದಳು. ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಕಾಲುಂಗುರ ಬಾತ ಬೆರಳಿನಲ್ಲಿ ಹೂತುಕೊಂಡು, ಅಕ್ಕಸಾಲಿಗ ಅದನ್ನು ಕತ್ತರಿಸಿ ತೆಗೆದ ದಿನ ಹೆದರಿದೆ.

ಈಗ ವಾರಕ್ಕೆರಡು ಸಲ ರೋಣದಲ್ಲಿ ಡಯಾಲಿಸಿಸ್. ಮೂತ್ರ ಬಹುತೇಕ ನಿಂತೇ ಹೋಗಿದೆ.

"ಈಗ ಎಷ್ಟೊತ್ತ ಬೇಕಾದ್ರೂ ಕುಂಡ್ರತೀನಿ, ಚಿಂತಿ ಮಾಡಬ್ಯಾಡ್ರಿ" ಎಂದು ಅವಳು ನಗೆಯಾಡುತ್ತಾಳೆ. ನನಗೆ ನಗು ಬರುವುದಿಲ್ಲ.

ಊಟದ ಜೊತೆ ನುಂಗಬೇಕಾದ ಬೇರೆ ಗುಳಿಗೆಗಳಿವೆ; ಬಿಟ್ಟರೆ ಎಲುಬು ಸವೆಯುತ್ತವೆ ಎಂದು ದವಾಖಾನೆಯ ನರ್ಸು ಹೇಳಿದ್ದಾರೆ. ನಿನ್ನೆ ರೊಟ್ಟಿಯ ತಾಟಿನ ಪಕ್ಕದಲ್ಲಿ ಒಂದನ್ನು ಬಿಡಿಸಿ ಇಟ್ಟೆ. ಅವಳು ಬೆರಳಿನಿಂದ ಆಚೆ ಸರಿಸಿದಳು.

"ತಗೋ. ಇದನ್ನ ಬಿಡಬಾರದು."

"ನೀವ ಹೇಳಿದ್ರಲ್ರಿ, ಬಿಟ್ರ ಏನೂ ಆಗೂದಿಲ್ಲಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನುಂಗಿದರೆ ಬಾಯಿ ಕಹಿ, ಹೊಟ್ಟೆ ತೊಳಸುತ್ತದೆ, ಅಷ್ಟೇ. ಗದರಿಸಿದ್ದರೆ ಬಹುಶಃ ನುಂಗುತ್ತಿದ್ದಳು; ಬದುಕಿಡೀ ನನ್ನ ಗದರಿಕೆಗೆ ಬಗ್ಗಿದವಳು. ಅವಳು ರೊಟ್ಟಿ ಮುಗಿಸಿ, ಗೋಡೆ ಹಿಡಿದುಕೊಂಡು ಕೈ ತೊಳೆಯಲು ಎದ್ದಳು. ಗುಳಿಗೆ ನೆಲದ ಮೇಲೆ ಹಾಗೇ ಉಳಿಯಿತು.