ರಾಣಿಯನ್ನು ಮಲಗಿಸಿದ ಸಂಜೆ

ನವರಾತ್ರಿಯ ಆರನೆಯ ಸಂಜೆ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ಕುವೆಂಪುನಗರದ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಾನು ನಿಂತಿದ್ದೆ. ನಡುಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು: ರಾಜ, ರಾಣಿ. ಸೊಸೆ ಮದುವೆಯಲ್ಲಿ ತವರಿನಿಂದ ತಂದವು. ಸೊಸೆ ಆಗ ಡೆಂಗ್ಯೂ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ಮಗ ಅವಳ ಜೊತೆಗಿದ್ದ.

ಎದುರು ಮನೆಯ ತಾಯಿ ಮಗಳು ಗೊಂಬೆ ನೋಡಲು ಬಂದಿದ್ದರು. ಆ ಹುಡುಗಿ, ನನ್ನ ಮೊಮ್ಮಗಳ ಗೆಳತಿ, ಸ್ಟೂಲು ಹತ್ತಿ ರಾಣಿಯನ್ನು ಮೆಲ್ಲಗೆ ಮಲಗಿಸಿ, ಕೆಳಗಿಳಿದು, "ರಾಣಿಗೆ ನಿದ್ದೆ ಬಂದ್ಬುಟ್ಟಿದೆ ಕಣೇ" ಎಂದು ನಕ್ಕಳು. ಐದು ವರ್ಷದ ನನ್ನ ಮೊಮ್ಮಗಳು ಕುಂಕುಮದ ಹಿತ್ತಾಳೆ ಬಟ್ಟಲನ್ನು ಎತ್ತಿ ಅವಳ ಹಣೆಗೆ ಹೊಡೆದಳು. ಯಾವುದು ಕುಂಕುಮ, ಯಾವುದು ರಕ್ತ ಎಂದು ನನಗೆ ತಿಳಿಯಲಿಲ್ಲ.

"ರಾಕ್ಷಸಿ! ಎಲ್ಲಿ ಕಲ್ತೆ ಇದನ್ನ?" ನನ್ನ ಹೆಂಡತಿ ಕೈ ಎತ್ತಿದಳು.

ಪೆಟ್ಟು ತಿಂದವಳ ತಾಯಿ ಸೆರಗಿನಿಂದ ಮಗಳ ಹಣೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಹೆಂಡತಿಯ ಕೈ ಹಿಡಿದರು. "ತಡೀರಿ ಆಂಟಿ. ಮೊದ್ಲು ಅವಳನ್ನ ಕೇಳೋಣ."

ಮೊಮ್ಮಗಳು ಅಷ್ಟರಲ್ಲಿ ಸ್ಟೂಲು ಹತ್ತಿ ರಾಣಿಯನ್ನು ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಯಾಕೆ ಪುಟ್ಟಿ, ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೀಯ?" ಎಂದು ಆ ತಾಯಿ ಕೇಳಿದರು.

"ಮಲಗ್ಸಿದ್ರೆ ಅಮ್ಮ ಬರಲ್ಲ."

ಅವಳು ಅಮ್ಮ ಬೇಕೆಂದು ಅತ್ತಾಗಲೆಲ್ಲ ಮನೆಯಲ್ಲಿ ನಾವು ಹೇಳುತ್ತಿದ್ದ ಮಾತು ಆಗ ನನಗೆ ನೆನಪಾಯಿತು: ಗೊಂಬೆ ಮಲಗ್ಸೋದ್ರೊಳಗೆ ಅಮ್ಮ ಬಂದ್ಬುಡ್ತಾಳೆ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುವುದು ನಮ್ಮ ಪದ್ಧತಿ. ದೊಡ್ಡವರಿಗೆ ಅದೊಂದು ದಿನದ ಲೆಕ್ಕ. ಮಗುವಿಗೆ ಅದು ಅಮ್ಮ ಬರುವುದಕ್ಕಿದ್ದ ಷರತ್ತು. ಅವಳ ಕಣ್ಣಿಗೆ ಗೆಳತಿ ಅಮ್ಮನ ದಾರಿಯನ್ನೇ ಮುಚ್ಚಿದ್ದಳು.

"ಹಂಗಾದ್ರೆ ನಾನು ಮುಟ್ಟಲ್ಲ ಕಣೇ. ಮೊದ್ಲೇ ಹೇಳ್ಬಾರ್ದಾ?" ಎಂದಳು ಪೆಟ್ಟು ತಿಂದವಳು, ಬಿಕ್ಕುತ್ತಲೇ. ಆಮೇಲೆ ಅವಳ ತಾಯಿ ನನ್ನ ಮೊಮ್ಮಗಳನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಹೊಲಿಗೆ ಹಾಕುವಾಗ ಗೆಳತಿಯ ಕೈ ಹಿಡಿಯುವ ಕೆಲಸ ಅವಳಿಗೇ ಕೊಟ್ಟರು. ಹೊಡೆದರೆ ಏನಾಗುತ್ತದೆಂದು ಅವಳು ಅಲ್ಲಿ ಕಂಡಳು, ಯಾರೂ ಬೈಯಲಿಲ್ಲ.

ವಿಜಯದಶಮಿಗೂ ಸೊಸೆ ಬರಲಿಲ್ಲ. ನನ್ನ ಹೆಂಡತಿ ಪದ್ಧತಿ ಮೀರಲು ಹಿಂಜರಿದಳು. "ಈ ಸಲ ರಾಣಿ ಎಚ್ಚರವಾಗೇ ಇರ್ಲಿ ಬಿಡಿ ಆಂಟಿ, ಅರಮನೇಲಿ ಯಾರೂ ಕೇಳಲ್ಲ" ಎಂದರು ಎದುರು ಮನೆಯವರು. ಗೊಂಬೆಗಳು ನಿಂತೇ ಇದ್ದವು. ಕೆಲವು ದಿನಗಳ ಮೇಲೆ ಸೊಸೆ ಗುಣವಾಗಿ ಬಂದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೈಯಿಂದಲೇ ಗೊಂಬೆಗಳನ್ನು ಮಲಗಿಸಿದಳು.

ಅಂದು ನನ್ನ ಹೆಂಡತಿ ಎತ್ತಿದ ಕೈ ಬೀಸಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ತಡೆದವರ ಋಣ ನನ್ನ ಮೇಲಿದೆ.

ನನ್ನ ಹೆಂಡತಿ ಈಗಿಲ್ಲ. ಆ ಸಂಜೆಯನ್ನು ಕಂಡವರಲ್ಲಿ ನನ್ನ ಜೊತೆ ಉಳಿದವರು ನನ್ನ ಮೊಮ್ಮಗಳು, ಹುಬ್ಬಿನ ಮೇಲೆ ಸಣ್ಣ ಗೆರೆ ಇರುವ ಅವಳ ಗೆಳತಿ, ಮತ್ತು ಈಗಲೂ ಎದುರು ಮನೆಯಲ್ಲೇ ಇರುವ ಆ ತಾಯಿ.