ಮಸುಕು ಮಾತ್ರ ಮನೆಗೆ ಬಂತು

ಬೆಳಕು ಇನ್ನೂ ಪೂರ್ತಿ ಬಿದ್ದಿಲ್ಲ. ಎರಡನೆಯ ಮಹಡಿಯ ಮೂಲೆಮನೆಯ ಬಾಗಿಲು ಆಗಲೇ ತೆರೆದಿದೆ. ಹೊಸಿಲಿನ ಮೇಲೆ ಬನಿಯನ್ನಿನಲ್ಲಿ, ಕೈಯಲ್ಲೊಂದು ಸ್ಲೇಟು ಹಿಡಿದು, ನಡುವಯಸ್ಸಿನ ಗಂಡಸೊಬ್ಬರು ನಿಂತಿದ್ದಾರೆ. ಬೇಕರಿಯ ರಾತ್ರಿಪಾಳಿ ಮುಗಿಸಿ ಈಗಷ್ಟೇ ಬಂದವರು, ಕಣ್ಣು ಎಳೆಯುತ್ತಿದೆ. ಎದುರಿನ ಗೋಡೆಗೆ ಬೆನ್ನು ತಾಗಿಸಿ ನಿಂತವರು ಅವರ ಹೆಂಡತಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಕಪ್ಪು ಕ್ಯಾಮೆರಾದ ಮುಚ್ಚಳ ಸರಿಸುತ್ತಾರೆ, ಗುಂಡಿಯನ್ನು ಅರ್ಧ ಒತ್ತುತ್ತಾರೆ. ಒಳಗೆ ಏನೋ ಸಣ್ಣಗೆ ಗುರುಗುಟ್ಟಿ ಹಸಿರು ದೀಪ ಹತ್ತುತ್ತದೆ. ಪೂರ್ತಿ ಒತ್ತಿದರೆ ರೀಲು ಜರ್ರನೆ ಒಂದು ಹೆಜ್ಜೆ ಮುಂದಕ್ಕೆ.

“ಆಯ್ತೇನೇ? ಕೈ ಸೋತುಹೋಯ್ತು.”

“ಇನ್ನೊಂದು, ರೀ. ಸ್ಲೇಟು ನೆಟ್ಟಗೆ ಹಿಡೀರಿ. ನಿಮ್ಮ ತಲೆ ನೋಡಿ ಫೋಕಸ್ಸು ಸರಿ ಇದೆಯಾ ಅಂತ ಹೇಳೋಕೆ ಅಲ್ಲೇನು ಕೂದಲಿದೆಯಾ?”

ಸ್ಲೇಟಿನ ಮೇಲೆ ಏನು ಬರೆದಿದೆ ಎಂಬ ಮಾತಿಗೆ ಆಮೇಲೆ ಬರೋಣ. ಕಳೆದ ತಿಂಗಳವರೆಗೂ ಅಲ್ಲಿ ಸ್ಲೇಟೂ ಇರಲಿಲ್ಲ, ಗಂಡನೂ ನಿಲ್ಲುತ್ತಿರಲಿಲ್ಲ. ಆ ಹೊಸಿಲಿನ ಮೇಲೆ ವರ್ಷಗಟ್ಟಲೆ, ಪ್ರತಿ ಬೆಳಗ್ಗೆ, ಅತ್ತೆ ನಿಲ್ಲುತ್ತಿದ್ದರು.

ಕ್ಯಾಮೆರಾ ಹಿಡಿದ ಈ ಸೊಸೆಯನ್ನು ಬೀದಿಯವರೆಲ್ಲ ಕರೆಯುವುದು ಕ್ಯಾಮೆರಾ ಅಕ್ಕ ಎಂದು. ರೀಲು ಹಾಕುವ ಹಳೆಯ ಪುಟ್ಟ ಆಟೋಫೋಕಸ್ ಕ್ಯಾಮೆರಾಗಳಿಗೆ ಈಗ ಮತ್ತೆ ಮದುವೆಯ ಕಳೆ ಬಂದಿದೆ. ಮೊಬೈಲಿನಲ್ಲಿ ಸಾವಿರ ಚಿತ್ರ ತೆಗೆದು ಬೇಸತ್ತ ಹುಡುಗ ಹುಡುಗಿಯರು ಇವನ್ನು ಕೊರಳಿಗೆ ಹಾಕಿಕೊಂಡು ತಿರುಗುತ್ತಾರೆ, ಇವಕ್ಕಾಗಿ ಸರದಿಯಲ್ಲಿ ನಿಲ್ಲುತ್ತಾರೆ. ತಪ್ಪೇನಿಲ್ಲ, ಪ್ರೀತಿಗೆ ತಕ್ಕ ವಸ್ತುವೇ. ಆದರೆ ಇಪ್ಪತ್ತು ಮೂವತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದ ಯಂತ್ರ ತಾನಾಗಿ ಎದ್ದು ಕೂತು ಹಸಿರು ದೀಪ ಹಚ್ಚುವುದಿಲ್ಲ. ಪೇಟೆಯ ದೊಡ್ಡ ಗಾಜಿನಂಗಡಿಯಲ್ಲಿ ‘ನಮ್ಮ ತಜ್ಞರು ಪುನಶ್ಚೇತನಗೊಳಿಸಿದ್ದು’ ಎಂಬ ಚೀಟಿ ಹೊತ್ತು ಮಿರಮಿರ ಮಿಂಚುವ ಕ್ಯಾಮೆರಾಗಳಿಗೆಲ್ಲ ಜೀವ ಬಂದದ್ದು ಈ ಮನೆಯ ಅಡುಗೆಕಟ್ಟೆಯ ಪಕ್ಕದ ಮೇಜಿನ ಮೇಲೆ. ತಜ್ಞರು ಎಂಬ ಬಹುವಚನದಲ್ಲಿ ಇರುವವರು ಈ ಒಬ್ಬ ಹೆಂಗಸು.

ಮದುವೆಗೆ ಮುಂಚೆ ಇದೇ ಕ್ಯಾಮೆರಾ ತಯಾರಾಗುತ್ತಿದ್ದ ಕಾರ್ಖಾನೆಯಲ್ಲಿ ಇವರು ಕೆಲಸಕ್ಕಿದ್ದರು. ಮುಂಭಾಗದ ಎರಡು ಪುಟ್ಟ ಕಿಟಕಿಗಳನ್ನು ಕೂರಿಸುವುದು ಇವರ ಪಾಲಿನ ಕೆಲಸ. “ಒಂದು ಎಡಗಣ್ಣು, ಒಂದು ಬಲಗಣ್ಣು ಅಂತ ಇಟ್ಕೊಳ್ಳಿ. ಎರಡೂ ನೋಡಿದ್ದು ಕೂಡಿದ್ರೆ ಎದುರಿಗಿರೋದು ಎಷ್ಟು ದೂರ ಅಂತ ಅದಕ್ಕೆ ತಿಳಿಯುತ್ತೆ. ಗಂಡ ಹೆಂಡ್ತಿ ಇದ್ದಹಾಗೆ. ಒಬ್ಬರು ಆಕಡೆ, ಒಬ್ಬರು ಈಕಡೆ ನೋಡಿದ್ರೆ ಸಂಸಾರ ಮಸುಕು.” ಕಾರ್ಖಾನೆ ಮುಚ್ಚಿತು. ಜೋಡಿಸಲು ಕಲಿತ ಕೈ ಗಡಿಯಾರಕ್ಕೆ ಸೆಲ್ಲು ಹಾಕಿತು, ಚಾರ್ಜರಿನ ತಂತಿ ಬೆಸೆಯಿತು. ಹಳೆಯ ಕ್ಯಾಮೆರಾಗಳಿಗೆ ಬೆಲೆ ಬಂದ ಮೇಲೆ ಗಾಜಿನಂಗಡಿಯ ಮಾಲೀಕರೇ ಹುಡುಕಿಕೊಂಡು ಈ ಮಹಡಿ ಹತ್ತಿದರು.

ಕೆಲಸ ಸುಲಭದ್ದಲ್ಲ. ಹೊಸ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ಸತ್ತ ಮೂರನ್ನು ಬಿಚ್ಚಿದರೆ ಒಂದು ಬದುಕೀತು. ಫ್ಲ್ಯಾಶಿಗೆಂದು ಒಳಗೆ ಕೂಡಿಟ್ಟ ವಿದ್ಯುತ್ತು ಸೆಲ್ಲು ತೆಗೆದ ಮೇಲೂ ಹೊಂಚುಹಾಕಿ ಕೂತಿರುತ್ತದೆ. ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಅದರ ಕಚ್ಚಿದ ಗುರುತುಗಳಿವೆ. ಮೊದಲ ಸಲ ಹೊಡೆದಾಗ ಕ್ಯಾಮೆರಾ ಒಂದು ಗೋಡೆಗೆ, ತಾವು ಒಂದು ಗೋಡೆಗೆ ಬಿದ್ದರಂತೆ. ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡಿ, ಸತ್ತದ್ದನ್ನು ಕೆಣಕಿದರೆ ಎದ್ದು ಒದೆಯದೆ ಬಿಡುತ್ತದೆಯೇ ಎಂದು ಕೇಳಿ, ಆಮೇಲೆ ಬೆರಳಿಗೆ ತಣ್ಣೀರಿನ ಬಟ್ಟೆ ಸುತ್ತಿದರಂತೆ.

ಎಲ್ಲಕ್ಕಿಂತ ಕಷ್ಟದ್ದು ಕಡೆಯ ಪರೀಕ್ಷೆ. ಈ ಜಾತಿಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಗಾಜೇ ಬೇರೆ. ಕಿಂಡಿಯಲ್ಲಿ ಯಾವಾಗಲೂ ಎಲ್ಲವೂ ನಿಚ್ಚಳ. ನಿಜ ಗೊತ್ತಾಗುವುದು ರೀಲು ತೊಳೆದ ಮೇಲೆಯೇ. ಅದೂ ನಡುಹಗಲಿನಲ್ಲಿ ತೆಗೆದರೆ ಆಗದು. “ಮಧ್ಯಾಹ್ನದ ಬಿಸಿಲಲ್ಲಿ ಕಳ್ಳನೂ ಸಾಚಾ ಥರ ಕಾಣ್ತಾನೆ. ಮಬ್ಬು ಬೆಳಕಲ್ಲಿ ನಿಲ್ಲಿಸಿ ಕೇಳಬೇಕು, ಆಗ ಬಣ್ಣ ಬಯಲಾಗುತ್ತೆ.” ಆದ್ದರಿಂದ ಬೆಳಗಿನ ಜಾವ, ಆದ್ದರಿಂದ ಈ ಬಾಗಿಲು, ಆದ್ದರಿಂದ ಅತ್ತೆ. ಎಂಬತ್ತು ದಾಟಿದ ಆ ಮುಖದಲ್ಲಿ ಗೆರೆಗಳಿಗೇನು ಬರವೇ? “ನನ್ನ ಸುಕ್ಕು ಎಣಿಸೋಕೆ ಬಂದ್ರೆ ನಿನ್ನ ಡಬ್ಬಿ ಪಾಸು. ಬರಲಿಲ್ಲ ಅಂದ್ರೆ ನಾನು ಸುಂದರಿ. ಹೇಗಿದ್ರೂ ಯಾರಿಗಾದ್ರೂ ಲಾಭ ಕಣೇ” ಎಂದು ತಲೆ ಬಾಚಿಕೊಂಡು ಬಂದು ನಿಲ್ಲುತ್ತಿದ್ದರು.

ಪರೀಕ್ಷೆಯ ಕ್ರಮ ಅಂಗಡಿಯವರು ಮಾಡಿದ್ದು. ರೀಲು ಅವರದು. ಇವರು ಚಿತ್ರ ತೆಗೆದು, ರೀಲಿನ ಸಮೇತ ಕ್ಯಾಮೆರಾ ಕಳಿಸಬೇಕು. ಅಲ್ಲಿ ತೊಳೆದು ನೋಡುತ್ತಾರೆ. ಚಿತ್ರ ನಿಚ್ಚಳವಾಗಿದ್ದರೆ ಕ್ಯಾಮೆರಾ ಮಾರಾಟಕ್ಕೆ ಹೋಯಿತು, ಚಿತ್ರ ಅಲ್ಲೇ ಉಳಿಯಿತು. ಮಸುಕಾಗಿದ್ದರೆ ಮಾತ್ರ ಕ್ಯಾಮೆರಾದ ಜೊತೆ ಚಿತ್ರವೂ ಹಿಂದಕ್ಕೆ ಬಂತು, ತಪ್ಪಿಗೆ ಸಾಕ್ಷಿಯಾಗಿ. ಗೆದ್ದದ್ದು ಹೊರಟುಹೋಯಿತು, ಸೋತದ್ದು ಹಿಂದಿರುಗಿತು. ಇಷ್ಟು ವರ್ಷ ಹೀಗೇ ನಡೆಯಿತು, ಇದರಲ್ಲಿ ಅನ್ಯಾಯವಿದೆಯೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅತ್ತೆ ತೀರಿಕೊಂಡ ದಿನ. ಗೋಡೆಗೆ ಹಾಕಲು ಒಂದು ಫೋಟೊ ಬೇಕಿತ್ತು. ಇವರು ಹಿಂದಕ್ಕೆ ಬಂದ ಚಿತ್ರಗಳನ್ನು ಹಾಕಿಡುತ್ತಿದ್ದ ಡಬ್ಬಿ ತೆಗೆದು ನೆಲದ ಮೇಲೆ ಸುರಿದರು. ಅತ್ತೆ, ಅತ್ತೆ, ಅತ್ತೆ. ಎಲ್ಲವೂ ಮಸುಕು. ಬಾಗಿಲಲ್ಲಿ ಒಂದು ಮಬ್ಬು ಆಕಾರ, ಮುಖವಿಲ್ಲದ ನಗು. ಗಂಡನ ಮೊಬೈಲಿನಲ್ಲಿ ಇದ್ದ ಒಂದೇ ಒಂದರಲ್ಲಿ ಯಾರದೋ ಭುಜದ ಹಿಂದೆ ಅರ್ಧ ಕಿವಿ. “ದಿನಾ ತೆಗೀತಿದ್ನಲ್ಲ, ಬೇರೆ ಒಂದು ತೆಗೆದಿಟ್ಕೋಬೇಕು ಅಂತ ಯಾಕೆ ಅನ್ನಿಸುತ್ತೆ? ಬಾವಿ ಕಟ್ಟೆ ಮೇಲೆ ಕೂತೋರು ಕೊಡದಲ್ಲಿ ನೀರು ತುಂಬಿಡ್ತಾರಾ?”

ಆ ರಾಶಿಯಲ್ಲಿ ಒಂದು ಚಿತ್ರವಿದೆ, ಅತ್ತೆ ಸೊಸೆ ಇಬ್ಬರೂ ಇರುವುದು ಅದೊಂದರಲ್ಲೇ. ಬಹಳ ದಿನ ಸತಾಯಿಸಿದ ಕ್ಯಾಮೆರಾವೊಂದು ದಾರಿಗೆ ಬಂದ ಖುಷಿಯಲ್ಲಿ, ಅದನ್ನು ಮೇಜಿನ ಮೇಲಿಟ್ಟು, ತಾನೇ ಕ್ಲಿಕ್ಕಾಗುವಂತೆ ಮಾಡಿ, ಇವರು ಓಡಿಹೋಗಿ ಅತ್ತೆಯ ಪಕ್ಕ ನಿಂತರು. ಈ ಕ್ಯಾಮೆರಾ ಅಳೆಯುವುದು ನಟ್ಟನಡುವೆ ಇರುವುದರ ದೂರವನ್ನು. ಇಬ್ಬರು ಪಕ್ಕಪಕ್ಕ ನಿಂತರೆ ನಡುವಿನ ಸಂದಿಯಲ್ಲಿ ನೋಟ ನುಗ್ಗಿ ಹಿಂದಕ್ಕೆ ಹೋಗುತ್ತದೆ. ಇದನ್ನು ಕೊಳ್ಳುವವರಿಗೆಲ್ಲ ಹೇಳಿ ಎಂದು ಅಂಗಡಿಗೆ ತಿಳಿಸಿದವರೇ ಇವರು. ತಾವು ನಿಂತಾಗ ಮರೆತರು. ಚಿತ್ರದಲ್ಲಿ ಇಬ್ಬರ ನಡುವೆ, ಮೆಟ್ಟಿಲ ಗೋಡೆಯ ಮೇಲಿನ ನೀರಿನ ಮೀಟರು ಅಂಕಿ ಓದುವಷ್ಟು ಸ್ಪಷ್ಟ. ಅತ್ತೆ ಸೊಸೆ ಎರಡು ಮಂಜಿನ ಮುದ್ದೆ.

ಹೋಗಲಿ, ವಿಧಿ ಎಂದುಕೊಳ್ಳೋಣ. ಮುಂದಿನದನ್ನು ವಿಧಿಯ ತಲೆಗೆ ಕಟ್ಟುವಂತಿಲ್ಲ.

ಅತ್ತೆ ಹೋದ ಎರಡು ವಾರಕ್ಕೆ ಅಕ್ಕ ರಿಪೇರಿಯ ಚೀಲ ಹಿಡಿದು ಗಾಜಿನಂಗಡಿಗೆ ಹೋದರು. ಅಂಗಡಿಯ ಮುಂಗಾಜಿನ ತುಂಬ ಅತ್ತೆ ನಿಂತಿದ್ದರು. ಆಳೆತ್ತರದ ಚಿತ್ರ. ಒಂದೊಂದು ಸುಕ್ಕೂ, ರೆಪ್ಪೆಯ ಒಂದೊಂದು ಕೂದಲೂ ಬಿಡಿಬಿಡಿ. ‘ಹಳೆಯ ಕ್ಯಾಮೆರಾಗಳಲ್ಲಿ ಸಿಕ್ಕ ಅನಾಮಿಕ ವೃದ್ಧೆ: ಅಪರೂಪದ ಚಿತ್ರಪ್ರದರ್ಶನ’ ಎಂದು ಕೆಳಗೆ ಬರಹ.

ಸಿಕ್ಕಿತಂತೆ! ದಾರಿಯಲ್ಲಿ ಬಿದ್ದ ಅಂಗಿಯ ಗುಂಡಿಯೇ ಇದು, ಸಿಗುವುದಕ್ಕೆ? ಚೀಲ ಹಿಡಿದು ನಿಂತವರನ್ನು ಕಂಡು ಗಲ್ಲಾದ ಹುಡುಗಿ, ಚೆನ್ನಾಗಿದೆ ಅಲ್ವಾ ಆಂಟಿ, ಅಂದಳು. ಇವರು “ನಮ್ಮತ್ತೆ” ಅಂದರು. ಹುಡುಗಿ ನಕ್ಕಳು, ತಮಾಷೆ ಎಂದುಕೊಂಡು.

ಒಳಗಿನ ಸಭಾಂಗಣದಲ್ಲಿ ಇನ್ನೂ ಹಲವು ಚಿತ್ರಗಳು. ಜನ ನಿಂತು ನಿಂತು ನೋಡುತ್ತಾರೆ. ಆ ಬೆಳಕು ನೋಡು ಎನ್ನುತ್ತಾರೆ, ಈ ಅಜ್ಜಿ ಯಾರಿಗಾಗಿ ಬಾಗಿಲಲ್ಲಿ ಕಾದಿದ್ದಳೋ ಎಂದು ನಿಟ್ಟುಸಿರಿಡುತ್ತಾರೆ. ಅಜ್ಜಿ ಕಾದದ್ದು ಸೊಸೆಯ ಕೆಲಸ ಮುಗಿಯಲೆಂದು. ಚಿತ್ರದ ಕೆಳಗೆ ಕ್ಯಾಮೆರಾದ ಮಾದರಿ ಇದೆ, ಲೆನ್ಸಿನ ಅಳತೆ ಇದೆ, ರೀಲಿನ ಜಾತಿ ಇದೆ, ಅಂಗಡಿಯ ಹೆಸರು ದಪ್ಪಕ್ಷರದಲ್ಲಿದೆ. ನಿಂತವರ ಹೆಸರಿಲ್ಲ, ತೆಗೆದವರ ಹೆಸರಿಲ್ಲ, ಯಂತ್ರಕ್ಕೆ ಜೀವ ಕೊಟ್ಟವರ ಹೆಸರಿಲ್ಲ. ಪದ್ಯದ ಕೊನೆಯಲ್ಲಿ ಅಂಕಿತ ಇಡುವುದು ಏತಕ್ಕೆ? ಯಾವ ಬಾಯಿ ಹಾಡಿದರೂ ಕಟ್ಟಿದವರು ಅಳಿಯದಿರಲೆಂದು. ಇಲ್ಲಿ ಅಂಕಿತವನ್ನು ಕೆರೆದು ತೆಗೆದು, ಹಾಡನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಎಲೆಮರೆಯ ಕಾಯಿ ಎಂದು ನಾವು ಸಲೀಸಾಗಿ ಬರೆದುಬಿಡುತ್ತೇವೆ, ಎಲೆ ತಾನಾಗಿ ಬಂದು ಮುಚ್ಚಿತೇನೋ ಎಂಬಂತೆ. ಎಲೆಯನ್ನು ಎಳೆದು ಮುಚ್ಚುವ ಕೈಗಳ ವಿಷಯವನ್ನು ಯಾರು ಬರೆಯಬೇಕು?

ಇವರು ಮಾಲೀಕರ ಮುಂದೆ ಹೋಗಿ ಜಗಳವಾಡಲಿಲ್ಲ. ಒಂದು ನಿಚ್ಚಳ ಫೋಟೊ ಕೊಡಿ, ಗೋಡೆಗೆ ಹಾಕಬೇಕು, ಎಂದು ಕೇಳಿದರು. ಪ್ರದರ್ಶನದ ಚಿತ್ರವನ್ನು ಸುಮ್ಮನೆ ಕೊಡುವ ಪದ್ಧತಿ ಇಲ್ಲ ಎಂಬ ಉತ್ತರ ಬಂತು. ಅದು ನಮ್ಮ ಅತ್ತೆ, ನಮ್ಮ ಮನೆಯ ಬಾಗಿಲು ಎಂದಾಗ ಮಾಲೀಕರು ಹೇಳಿದ ಮಾತನ್ನು ಅಕ್ಕ ಈಗಲೂ ಅವರದೇ ದನಿಯಲ್ಲಿ ಹೇಳುತ್ತಾರೆ: “ರೀಲು ನಮ್ದು, ಕ್ಯಾಮೆರಾ ನಮ್ದು. ಬಾಗಿಲು ಯಾರದಾದ್ರೇನಮ್ಮ?”

ನಮ್ಮ ಪತ್ರಿಕೆಯಿಂದ ಕೇಳಿದಾಗಲೂ ಮಾಲೀಕರು ಅಳುಕಲಿಲ್ಲ. ಪರೀಕ್ಷೆಗೆಂದು ತೆಗೆದ ಚಿತ್ರಕ್ಕೆ ಛಾಯಾಗ್ರಾಹಕರು ಅಂತ ಯಾರೂ ಇರುವುದಿಲ್ಲ ಎಂದರು. ದೇವರು ಮೇಲಿದ್ದಾನೆ ಎನ್ನುವವರು ನಾವು. ಆದರೆ ದೇವರು ಮೇಲಿದ್ದಾನೆಂದು ಕೆಳಗಿರುವವರು ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಶಾಸ್ತ್ರ ಹೇಳಿದೆ?

ಕೆಲಸ ಬಿಟ್ಟುಬಿಡು ಎಂದರಂತೆ ಗಂಡ. ಬಿಡಲು ಇವರಿಗೆ ಮನಸ್ಸಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಕ್ಯಾಮೆರಾವನ್ನು ತೋರಿಸಿ, “ಇದೇನು ತಪ್ಪು ಮಾಡಿದೆ, ಪಾಪ” ಎನ್ನುತ್ತಾರೆ. ಅದರ ಮುಚ್ಚಳ ಸರಿದು ಎರಡು ಕಿಟಕಿ ಕಾಣಿಸಿದಾಗ ನಿದ್ದೆಯಿಂದೆದ್ದ ಮಗುವನ್ನು ಕಂಡಂತೆ ಈಗಲೂ ಅವರ ಮುಖ ಅರಳುತ್ತದೆ.

ಹಾಗಾಗಿ ಸ್ಲೇಟು ಬಂತು. ಬಾಗಿಲಲ್ಲಿ ನಿಂತ ಗಂಡ ಅದನ್ನು ಎದೆಗೆ ಆನಿಸಿ ಹಿಡಿದಿದ್ದಾರೆ. ಬಳಪದಲ್ಲಿ, ಗುಂಡುಗುಂಡು ಅಕ್ಷರದಲ್ಲಿ ಎರಡು ಸಾಲು: ‘ನಮ್ಮ ಅತ್ತೆಯ ಫೋಟೊ ಕೊಡಿ. ತೆಗೆದವಳು ನಾನು.’ ಈ ತಿಂಗಳು ಅಂಗಡಿಗೆ ಹೋದ ಪ್ರತಿ ಕ್ಯಾಮೆರಾದ ರೀಲಿನಲ್ಲೂ ಈ ಮಾತಿದೆ. ಅಲ್ಲಿಂದ ಇನ್ನೂ ಉತ್ತರವಿಲ್ಲ. ಒಂದು ಕ್ಯಾಮೆರಾವೂ ಹಿಂದಕ್ಕೆ ಬಂದಿಲ್ಲ.

ಗಂಡ ಸ್ಲೇಟನ್ನು ಗೋಡೆಗೆ ಒರಗಿಸಿ ಮಲಗಲು ಹೋಗುತ್ತಾರೆ. ಅಕ್ಕ ಕ್ಯಾಮೆರಾದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಮುಚ್ಚಳ ಮುಚ್ಚುತ್ತಾರೆ.

“ಅಕ್ಷರ ಓದೋಕೆ ಬಂದ್ರೆ ತಾನೆ ಕ್ಯಾಮೆರಾ ಸರಿ ಇದೆ ಅಂತ ಅವರಿಗೆ ತಿಳಿಯೋದು? ಓದ್ತಾ ಇದ್ದಾರೆ. ಓದಲಿ. ಇನ್ಮೇಲೆ ನನ್ನ ಕೈಯಿಂದ ಹೋಗೋದು ಒಂದೂ ಮಸುಕಾಗಿರಲ್ಲ.”